ಅಪ್ಪನ ಬೇಲೆ, ನನ್ನ ಬೀಚ್

ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗೆ ದಿನಾ ಸಂಜೆ ಎರಡು ಸುತ್ತು ಹಾಕುವುದು ನಮ್ಮ ಅಪ್ಪನ ರೂಢಿ. ನಾನು ವರ್ಕ್ ಫ್ರಮ್ ಹೋಮ್ ಇದ್ದ ದಿನ ಜೊತೆಗೆ ಹೋಗುತ್ತೇನೆ. ಕಳೆದ ಡಿಸೆಂಬರಿನ ಒಂದು ಗುರುವಾರ ಹಾಗೇ ಸುತ್ತುತ್ತಿರುವಾಗ ನನ್ನ ಫೋನಿನಲ್ಲಿ ಒಂದು ಜಾಹೀರಾತು ಕಾಣಿಸಿತು: 'ಕುಮಟಾ–ಗೋಕರ್ಣ ಬೀಚ್ ಟ್ರೆಕ್, ಎರಡು ದಿನ, ಟೆಂಟ್, ಕ್ಯಾಂಪ್‌ಫೈರ್'. ಆಫೀಸಿನ ಗೆಳತಿಯರು ಹೋಗಿ ಬಂದು ಫೋಟೋ ಹಾಕಿದ್ದರು. ಅಪ್ಪನಿಗೆ ತೋರಿಸಿದೆ.

ಅಪ್ಪ ಕನ್ನಡಕ ಮೇಲೆತ್ತಿ ನೋಡಿ ನಕ್ಕರು. "ಇದಕ್ಕೆ ದುಡ್ಡು ಕೊಡ್ಬೇಕಾ ತಂಗಿ? ನಾನು ಕಾಲೇಜಿಗೆ ಹೋಗುವಾಗ ತಾರಿ ತಪ್ಪಿದ್ರೆ, ಬಸ್ಸು ತಪ್ಪಿದ್ರೆ ಇದೇ ದಾರಿ. ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಬೇಲೆ ಮೇಲೆ ಹೋಗೋದು."

ನಮ್ಮ ಕಡೆ ಹೆಣ್ಣುಮಕ್ಕಳನ್ನು ಕರೆಯುವುದೇ 'ತಂಗಿ' ಎಂದು. ಸಮುದ್ರದಂಚಿನ ಮರಳಿಗೆ 'ಬೇಲೆ' ಅನ್ನುತ್ತಾರೆ. ನಾನು ಹುಟ್ಟಿದ್ದು, ಓದಿದ್ದು ಎಲ್ಲ ಜಯನಗರ, ಬನಶಂಕರಿ. ಊರೆಂದರೆ ಬೇಸಿಗೆ ರಜೆಯ ಹತ್ತು ದಿನ. ಹಾಗಾಗಿ ನನಗೆ ಅದು ಬೀಚ್, ಅಪ್ಪನಿಗೆ ಬೇಲೆ.

"ಹಾಗಾದ್ರೆ ನಾವಿಬ್ರೇ ಹೋಗೋಣ" ಅಂದೆ. ತಮಾಷೆಗೆ ಅಂದಿದ್ದು. ಅಪ್ಪ ಅರ್ಧ ಸುತ್ತು ಮಾತಾಡಲಿಲ್ಲ. ಆಮೇಲೆ, "ಹೇಗೂ ಹೋಗ್ಬೇಕಾಗಿತ್ತು. ಅಣ್ಣ ಫೋನ್ ಮಾಡಿದ್ದ" ಅಂದರು.

ಅಣ್ಣ ಅಂದರೆ ನನ್ನ ದೊಡ್ಡಪ್ಪನ ಮಗ. ಕಾಗಾಲದ ಹತ್ತಿರ ದೊಡ್ಡಮ್ಮನ ಜೊತೆ ಇದ್ದಾನೆ. ಅಲ್ಲಿ ಅಪ್ಪನ ಪಾಲಿಗೆ 18 ಗುಂಟೆ ಗಜನಿ ಜಮೀನಿದೆ. ಅದನ್ನು ಕೊಳ್ಳಲು ಒಬ್ಬರು ಬಂದಿದ್ದಾರಂತೆ. ಅವರು ಹೇಳಿದ ಮೊತ್ತ, ನಾನು ಬುಕ್ ಮಾಡಬೇಕೆಂದಿದ್ದ ಫ್ಲ್ಯಾಟಿನ ಮುಂಗಡಕ್ಕೆ ಕಡಿಮೆ ಬೀಳುತ್ತಿದ್ದ ಹಣಕ್ಕೆ ಹೆಚ್ಚುಕಡಿಮೆ ಸಮ. ಅಪ್ಪ ಇದನ್ನು ನನಗೆ ಹೇಳದೆ ಎರಡು ವಾರ ಇಟ್ಟುಕೊಂಡಿದ್ದರು.

ಆ ರಾತ್ರಿಯೇ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ಬರ್ತ್ ಹುಡುಕಿದೆ. ಮುಂದಿನ ಶುಕ್ರವಾರಕ್ಕೆ ಸಿಕ್ಕಿತು.

ಹತ್ತಿ ಹೋಗುತ್ತಿದ್ದ ಬಂದರು

ಶುಕ್ರವಾರ ಜಯಪ್ರಕಾಶ ನಗರ ಮೆಟ್ರೋದಿಂದ ಮೆಜೆಸ್ಟಿಕ್, ಅಲ್ಲಿಂದ ರೈಲು. ಬೆಳಗಿನ ಜಾವ ಅಪ್ಪ ಎಬ್ಬಿಸಿದ್ದು ಹೊನ್ನಾವರದಲ್ಲಿ. "ಶರಾವತಿ ಸೇತುವೆ ಬಂತು, ಏಳು." ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಅದು, ಇಡೀ ಕೊಂಕಣ ರೈಲು ಮಾರ್ಗದಲ್ಲೇ ಅತಿ ಉದ್ದದ್ದು. ಕಿಟಕಿಯಾಚೆ ಕತ್ತಲೆ, ನೀರು, ನಡುವೆ ಒಂದೆರಡು ದೋಣಿ ದೀಪ. ಸದ್ದು ಬದಲಾಗಿದ್ದರಿಂದಲೇ ಕೆಳಗೆ ನೆಲ ಇಲ್ಲ ಅಂತ ಗೊತ್ತಾಗುತ್ತಿತ್ತು.

ಕುಮಟೆಯಲ್ಲಿ ಇಳಿದು ಬನ್ಸು, ಚಹಾ ಮುಗಿಸಿ ರಿಕ್ಷಾದಲ್ಲಿ ವನ್ನಳ್ಳಿ ಬೇಲೆಗೆ ಹೋದೆವು. ನಡಿಗೆ ಶುರುವಾಗುವುದು ಅಲ್ಲಿಂದ. ನಮ್ಮ ಲೆಕ್ಕ ಸರಳವಾಗಿತ್ತು. ಎಡಗಡೆ ಸಮುದ್ರ ಇಟ್ಟುಕೊಂಡು ಉತ್ತರಕ್ಕೆ ನಡೆಯುತ್ತಾ ಹೋಗುವುದು. ಮೊದಲ ದಿನ ಕಡ್ಲೆ, ಬಾಡ, ಕಾಗಾಲ. ಎರಡನೇ ದಿನ ಅಘನಾಶಿನಿ ಊರಿಗೆ ಹೋಗಿ ಹೊಳೆ ದಾಟಿ ತದಡಿ, ಅಲ್ಲಿಂದ ಗುಡ್ಡ ಹತ್ತಿಳಿದು ಗೋಕರ್ಣ. ಒಟ್ಟು 20 ಕಿ.ಮೀ.ಗೂ ಹೆಚ್ಚು.

ಈಗ ನಿದ್ದೆ ಮಾಡುತ್ತಿರುವಂತೆ ಕಾಣುವ ಕುಮಟೆಯ ಬಂದರು ಒಂದು ಕಾಲದಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಗೊತ್ತಿದ್ದ ಹೆಸರು. ಹುಬ್ಬಳ್ಳಿ, ಧಾರವಾಡ ಕಡೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಇಲ್ಲಿಂದ ಹಡಗು ಹತ್ತುತ್ತಿತ್ತು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ನಿಂತುಹೋಗಿ, ಈ ಕಡೆಯ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ವ್ಯಾಪಾರದಲ್ಲಿ ಅದರ ಹೆಸರು 'ಕುಮಟಾ ಹತ್ತಿ'. ಬೆಳೆದವರ ಊರಲ್ಲ, ಸಾಗಿಸಿದವರ ಊರು ಹೆಸರಾಯಿತು.

ವನ್ನಳ್ಳಿಯ ಮರಳು ಗಟ್ಟಿ, ನಡೆಯಲು ಸುಲಭ. ಗಾಳಿಮರದ ಕೆಳಗೆ ಬಲೆ ಬಿಡಿಸುತ್ತಿದ್ದವರು ಅಪ್ಪನನ್ನು "ಎಲ್ಲಿಗೆ?" ಅಂತ ಕೇಳಿದರು. "ಗೋಕರ್ಣಕ್ಕೆ" ಅಂದಾಗ ನಗಲಿಲ್ಲ. "ಹಾಂ, ಬಿಸಿಲು ಏರೋದ್ರೊಳಗೆ ಕಡ್ಲೆ ದಾಟಿ" ಅಂದರು. ಬೆಂಗಳೂರಿನಲ್ಲಿ ಬನಶಂಕರಿಗೆ ನಡೆದೇ ಹೋಗುತ್ತೇನೆ ಅಂದರೂ ಜನ ವಿಚಿತ್ರವಾಗಿ ನೋಡುತ್ತಾರೆ.

ಈ ಕರಾವಳಿ ನಕ್ಷೆಯಲ್ಲಿ ಕಾಣುವಂತೆ ನೇರ ಗೆರೆಯಲ್ಲ. ಒಂದು ಮರಳಿನ ಬಾಗು, ಅದು ಮುಗಿಯುವಲ್ಲಿ ಸಮುದ್ರಕ್ಕೆ ಮೂಗು ಚಾಚಿದ ಗುಡ್ಡ, ಅದನ್ನು ಹತ್ತಿ ಇಳಿದರೆ ಮತ್ತೊಂದು ಮರಳಿನ ಬಾಗು. ಗುಡ್ಡದ ಮೇಲೆ ಕೆಂಪು ಮುರಕಲ್ಲು, ಒಣಗಿದ ಹುಲ್ಲು, ಗೇರು ಮರ, ಅಂಚಿನಲ್ಲಿ ಮುಳ್ಳೆಲೆಯ ಕೇದಗೆ. ಪ್ರತಿ ಗುಡ್ಡದ ನೆತ್ತಿಯಲ್ಲೂ ಹಿಂದೆ ನಡೆದ ಬೇಲೆ, ಮುಂದೆ ನಡೆಯಬೇಕಾದ ಬೇಲೆ ಎರಡೂ ಒಟ್ಟಿಗೆ ಕಾಣುತ್ತವೆ.

ಮೊದಮೊದಲು ನಾನು ಪ್ರತಿ ಗುಡ್ಡದಲ್ಲೂ ವಾಚ್ ನೋಡಿ ಸ್ಟೆಪ್ಸ್ ಲೆಕ್ಕ ಹಾಕುತ್ತಿದ್ದೆ. ಕಡ್ಲೆ ಬೇಲೆಯಲ್ಲಿ ಕುಳಿತು ಎಳನೀರು ಕುಡಿಯುವಾಗ ಅಪ್ಪ ಬೂಟು ಬಿಚ್ಚಿದರು. ಅರವತ್ತನಾಲ್ಕರ ಪಾದ, ಬೆಂಗಳೂರಿನ ಮೂವತ್ತೆಂಟು ವರ್ಷದ ಬ್ಯಾಂಕ್ ನೌಕರಿಯಲ್ಲಿ ಬೆಳ್ಳಗಾದ ಪಾದ. ಮತ್ತೆ ಹಾಕಿಕೊಳ್ಳಲಿಲ್ಲ. ಬಾಡದವರೆಗೂ ನೀರಿನಂಚಿನಲ್ಲೇ ಬರಿಗಾಲಲ್ಲಿ ನಡೆದರು. ಮನೆಯಲ್ಲಿ ಮಂಡಿನೋವು ಅಂತ ಮೆಟ್ಟಿಲು ಹತ್ತದ ಮನುಷ್ಯ!

ಎಡಕ್ಕೆ ಕಡಲು, ಬಲಕ್ಕೆ ಹಿನ್ನೀರು

ಬಾಡ ದಾಟಿದ ಮೇಲೆ ನೆಲ ಕಿರಿದಾಗುತ್ತಾ ಹೋಗುತ್ತದೆ. ಎಡಕ್ಕೆ ಅರಬ್ಬಿ ಸಮುದ್ರ. ಬಲಕ್ಕೆ ತೆಂಗಿನ ತೋಟಗಳ ಆಚೆ ಅಘನಾಶಿನಿಯ ಹಿನ್ನೀರು. ನಡುವೆ ನಾಲಿಗೆಯಂತೆ ಉತ್ತರಕ್ಕೆ ಚಾಚಿದ ಭೂಮಿ, ತುದಿಯಲ್ಲಿ ನದಿಯದೇ ಹೆಸರಿನ ಅಘನಾಶಿನಿ ಊರು. ಐದನೇ ಕ್ಲಾಸಿನಲ್ಲಿ 'ಮೂರು ಕಡೆ ನೀರಿನಿಂದ ಆವೃತವಾದ ಭೂಭಾಗ' ಅಂತ ಪರ್ಯಾಯ ದ್ವೀಪಕ್ಕೆ ವ್ಯಾಖ್ಯೆ ಬಾಯಿಪಾಠ ಮಾಡಿದ್ದೆ. ಅಪ್ಪ ಹುಟ್ಟಿದ್ದೇ ಅಂಥದ್ದರ ಮೇಲೆ ಅನ್ನುವುದು ಅವತ್ತು ಹೊಳೆದಿರಲಿಲ್ಲ.

ಕಾಗಾಲದ ಉದ್ದನೆ ಬೇಲೆಗೆ ಈಗ ಪ್ರವಾಸಿಗರು ಇಟ್ಟ ಹೆಸರು 'ನಿರ್ವಾಣ ಬೀಚ್'. ಅಪ್ಪನಿಗೆ ಆ ಹೆಸರು ಗೊತ್ತೇ ಇರಲಿಲ್ಲ. ಹೋಮ್‌ಸ್ಟೇ ಬೋರ್ಡಿನಲ್ಲಿ ಓದಿ, "ನಮ್ಗೆ ಇಲ್ಲಿ ಬರೀ ಬಿಸಿಲು ಸಿಗ್ತಿತ್ತು" ಅಂದರು.

ದೊಡ್ಡಮ್ಮನ ಮನೆ ತಲುಪಿದಾಗ ಮೂರು ಗಂಟೆ. ಮುರುಗಲ ಹಣ್ಣಿನ ಪಾನಕ ಕೊಟ್ಟು, "ನಡ್ಕೊಂಡು ಬಂದ್ರಾ? ಹುಚ್ಚು!" ಅಂತ ಅಪ್ಪನಿಗೇ ಬೈದರು. ಊಟಕ್ಕೆ ಕೆಂಪನೆ ದಪ್ಪಕ್ಕಿ ಅನ್ನ, ಬಂಗಡೆ ಸಾರು. ಆ ಅಕ್ಕಿಯೇ ಕಗ್ಗ.

ಸಂಜೆ ಅಣ್ಣ ಗಜನಿಗೆ ಕರೆದುಕೊಂಡು ಹೋದ. ಗಜನಿ ಅಂದರೆ ಹಿನ್ನೀರಿನ ಪಕ್ಕದ ತಗ್ಗು ಗದ್ದೆ. ಸಮುದ್ರದ ಭರತ ಬಂದಾಗ ಉಪ್ಪುನೀರು ಇಲ್ಲಿಯವರೆಗೂ ಏರುತ್ತದೆ. ಅದನ್ನು ತಡೆಯಲು ಉದ್ದಕ್ಕೂ ಕಟ್ಟು. ಕಟ್ಟಿನ ನಡುವೆ ಹಲಗೆಯ ಬಾಗಿಲು. ಮಳೆಗಾಲದಲ್ಲಿ ಸಿಹಿನೀರು ಹರಿದು ಮಣ್ಣಿನ ಉಪ್ಪು ತೊಳೆದುಹೋಗುತ್ತದೆ. ಆಗ ಮೊಳಕೆ ಬಂದ ಕಗ್ಗದ ಬೀಜ ಎರಚುತ್ತಾರೆ. ಗೊಬ್ಬರ ಇಲ್ಲ, ಔಷಧ ಇಲ್ಲ. ನೆರೆ ಬಂದು ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ, ಒಂದಿಷ್ಟು ಉಪ್ಪು ಏರಿದರೂ ತಡೆದುಕೊಳ್ಳುತ್ತದೆ. ಮಳೆ ಮುಗಿದ ಮೇಲೆ ಕೊಯ್ಲು. ಬರೀ ತೆನೆ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಬಾಗಿಲು ತೆಗೆದು ಉಪ್ಪುನೀರು ಒಳಗೆ ಬಿಟ್ಟರೆ, ಕೊಳೆಯುವ ಆ ಹುಲ್ಲಿಗೆ ಮೀನು, ಶೆಟ್ಲಿ ಬರುತ್ತವೆ. ಶೆಟ್ಲಿ ಅಂದರೆ ಸಿಗಡಿ. ಅದನ್ನು ತಿನ್ನಲು ಹಕ್ಕಿಗಳು. ಒಂದೇ ನೆಲ, ಆರು ತಿಂಗಳು ಗದ್ದೆ, ಆರು ತಿಂಗಳು ಮೀನಿನ ಕೆರೆ.

ನಾವು ಹೋದಾಗ ಕೊಯ್ಲಾಗಿ ನೀರು ಬಿಟ್ಟಾಗಿತ್ತು. ಕಣ್ಣು ಹರಿಯುವಷ್ಟು ದೂರ ತೆಳ್ಳನೆ ನೀರು, ಅದರಲ್ಲಿ ಸಂಜೆಯ ಬಣ್ಣ, ಸಾಲಾಗಿ ನಿಂತ ಬೆಳ್ಳಕ್ಕಿ. ನನ್ನ ಮೊದಲ ಪ್ರಶ್ನೆ: "ನಮ್ಮದು ಯಾವುದು?"

ಅಣ್ಣ ಕೈ ಚಾಚಿ ನೀರಿನ ಮಧ್ಯೆ ಎಲ್ಲೋ ತೋರಿಸಿದ. ಬೇಲಿ ಇಲ್ಲ, ಕಲ್ಲಿಲ್ಲ. ನೀರು ತುಂಬಿದ ಮೇಲೆ ಯಾರ ಪಾಲು ಎಲ್ಲಿಂದ ಎಲ್ಲಿಗೆ ಅಂತ ಹೊರಗಿನವರಿಗೆ ಗೊತ್ತಾಗುವುದೇ ಇಲ್ಲ.

"ಅದೇ ಕಷ್ಟ," ಅಣ್ಣ ಹೇಳಿದ. "ಕಟ್ಟು ಎಲ್ಲರದ್ದು. ಬಾಗಿಲೂ ಎಲ್ಲರದ್ದು. ಕೊಳ್ಳೋಕೆ ಬಂದವ್ರಿಗೆ ಕಗ್ಗ ಬೇಡ, ವರ್ಷಪೂರ್ತಿ ಶೆಟ್ಲಿ ಹೊಂಡ ಬೇಕು. ಅವರು ಮಳೆಗಾಲದಲ್ಲೂ ಉಪ್ಪುನೀರು ಒಳಗೆ ಇಟ್ಕೊಂಡ್ರೆ ಪಕ್ಕದ ಗದ್ದೆಗೆ ಇಳೀತದೆ. ಈಗಾಗ್ಲೇ ಸುಮಾರು ಜನ ಬಿಟ್ಟಿದ್ದಾರೆ. ಇನ್ನೊಂದು ನಾಲ್ಕು ಮನೆ ಬಿಟ್ರೆ ನಾವೂ ಬಿತ್ತೋಕಾಗಲ್ಲ."

ಇದು ನಮ್ಮ ಗಜನಿಯೊಂದರ ಕಥೆಯಲ್ಲ. ಸಿಗಡಿ ಕೃಷಿಯ ಅಲೆ ಬಂದ ಮೇಲೆ ಅಘನಾಶಿನಿಯ ಎರಡೂ ದಡದಲ್ಲಿ ಕಗ್ಗ ಬೆಳೆಯುವವರು ಕಡಿಮೆಯಾಗುತ್ತಾ ಬಂದಿದ್ದಾರೆ. ಮಾಣಿಕಟ್ಟಾದಂಥ ಕಡೆ ರೈತರು ಒಟ್ಟಾಗಿ ಬೀಜ ಉಳಿಸಿಕೊಂಡು ಬೆಳೆಯುತ್ತಿರುವುದರಿಂದ ತಳಿ ಇನ್ನೂ ಇದೆ. ಒಬ್ಬರೇ ಕಗ್ಗ ಬೆಳೆಯುತ್ತೇನೆ ಅಂದರೆ ಆಗುವುದಿಲ್ಲ. ಬೆಳೆದರೆ ಎಲ್ಲರೂ, ಬಿಟ್ಟರೆ ಎಲ್ಲರೂ.

ಅಣ್ಣ ನಮಗೆ ಮಾರಬೇಡಿ ಅನ್ನಲಿಲ್ಲ. "ಚಿಕ್ಕಪ್ಪ, ನಿಮ್ಮ ಪಾಲು, ನಿಮ್ಮ ಇಷ್ಟ. ತಂಗಿಗೆ ಮನೆ ಆಗ್ಬೇಕು, ಗೊತ್ತು ನಂಗೆ" ಅಂದ. ಬೇಡ ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಜಗಳವಾಡಬಹುದಿತ್ತು.

ಇಳಿತದ ಹೊತ್ತಿನ ಕೆಲಸ

ಮರುದಿನ ಬೆಳಗ್ಗೆ ಅಘನಾಶಿನಿ ಊರಿನ ತುದಿಗೆ ಹೋದೆವು. ಆಚೆ ದಡದಲ್ಲಿ ತದಡಿ ಬಂದರಿನ ಮೀನು ದೋಣಿಗಳು. ನಡುವೆ ನದಿ ಸಮುದ್ರ ಸೇರುವ ಅಳಿವೆ. ದಾಟಲು ತಾರಿ ಉಂಟು. ಜನ, ಬೈಕು, ಮೀನಿನ ಬುಟ್ಟಿ ಎಲ್ಲ ಒಟ್ಟಿಗೆ. ರಸ್ತೆಯಲ್ಲಿ ಹೋದರೆ ಹಿನ್ನೀರನ್ನು ಪೂರ್ತಿ ಬಳಸಿ ಮಿರ್ಜಾನ್ ಮೇಲೆ ಸುತ್ತು ಹಾಕಬೇಕು.

ತಾರಿ ಬರುವವರೆಗೆ ಒಳಬದಿಯಲ್ಲಿ ಕುಳಿತೆವು. ನೀರು ಇಳಿದು ಕೆಸರು ದಿಬ್ಬಗಳು ಬಯಲಾಗಿದ್ದವು. ಹತ್ತಿಪ್ಪತ್ತು ಹೆಂಗಸರು ಮೊಣಕಾಲು ನೀರಿನಲ್ಲಿ ಬಗ್ಗಿ ಬಳಚು ಆರಿಸುತ್ತಿದ್ದರು. ಬಳಚು ಅಂದರೆ ಚಿಪ್ಪಿನೊಳಗಿನ ಮೀನು. ಅಘನಾಶಿನಿ ಅಳಿವೆ ಇದಕ್ಕೆ ಹೆಸರುವಾಸಿ. ಬಲೆ ಬೇಡ, ದೋಣಿಯೂ ಬೇಕೆಂದಿಲ್ಲ. ಇಳಿತದ ಸಮಯ ಗೊತ್ತಿರಬೇಕು, ಸೊಂಟ ಗಟ್ಟಿ ಇರಬೇಕು.

ಒಬ್ಬರು ಬುಟ್ಟಿ ಹೊತ್ತು ದಡಕ್ಕೆ ಬಂದರು. ನಾನು ಫೋನ್ ಎತ್ತಿದೆ, ಮತ್ತೆ ಕೇಳಿಕೊಂಡೆ, "ಫೋಟೋ ತೆಗೀಲಾ ಅಮ್ಮ?"

"ತೆಗಿ ತಂಗಿ. ನಿನ್ನೆ ಬಂದವ್ರು ಡ್ರೋನ್ ಹಾರ್ಸಿ ತೆಗ್ದ್ರು. ನಾವು ತಲೆ ಮೇಲೆ ಎಂತ ಬಂತಪ್ಪ ಅಂತ ಓಡಿದ್ವು" ಅಂತ ನಕ್ಕರು. ಎಷ್ಟು ಹೊತ್ತಿನ ಕೆಲಸ ಅಂತ ಕೇಳಿದ್ದಕ್ಕೆ, "ನೀರು ಬಿಟ್ಟಷ್ಟು ಹೊತ್ತು" ಅಂದರು. ನನ್ನ ಲ್ಯಾಪ್‌ಟಾಪಿನ ಕ್ಯಾಲೆಂಡರಿನಲ್ಲಿ ಬಣ್ಣಬಣ್ಣದ ಡಬ್ಬಿಗಳು ನೆನಪಾದವು. ಇವರ ಕ್ಯಾಲೆಂಡರನ್ನು ಚಂದ್ರ ಬರೆಯುತ್ತಾನೆ, ಅದು ದಿನಾ ಸುಮಾರು ಮುಕ್ಕಾಲು ಗಂಟೆ ಮುಂದೆ ಸರಿಯುತ್ತದೆ.

ಈ ಅಳಿವೆಗೆ ಇಷ್ಟು ಜೀವ ಇರುವುದಕ್ಕೆ ಒಂದು ಕಾರಣ ನದಿಯೇ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಬರುವ ಅಘನಾಶಿನಿಗೆ ದಾರಿಯಲ್ಲಿ ದೊಡ್ಡ ಅಣೆಕಟ್ಟೆ ಇಲ್ಲ. ಘಟ್ಟದ ಸಿಹಿನೀರು, ಮೆಕ್ಕಲು ಅದರ ಪಾಡಿಗೆ ಬಂದು ಉಪ್ಪುನೀರಿನ ಜೊತೆ ಸೇರುತ್ತವೆ. ತದಡಿಯಲ್ಲಿ ಹಿಂದೆ ದೊಡ್ಡ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಜನ ವಿರೋಧಿಸಿದ್ದೂ ಇದೇ ಕಾರಣಕ್ಕೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು. ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮನ್ನಣೆ. ಅದೇ ಸಲ ಕರ್ನಾಟಕದ ಮಾಗಡಿ ಕೆರೆ, ಅಂಕಸಮುದ್ರಕ್ಕೂ ಆ ಮನ್ನಣೆ ಬಂತು.

ಅಪ್ಪನಿಗೆ ಇದನ್ನು ಫೋನಿನಲ್ಲಿ ಓದಿ ಹೇಳಿದೆ. "ನಾವು ಅದನ್ನ ಹೊಳೆಬಾಯಿ ಅಂತಿದ್ವಿ. ಸರಿ, ಈಗ ದೊಡ್ಡ ಹೆಸರು ಬಂತು" ಅಂದರು. ಆಮೇಲೆ ಮೆಲ್ಲಗೆ, "ಆ ಲೆಕ್ಕದಲ್ಲಿ ನಮ್ಮ 18 ಗುಂಟೆನೂ ಬಂತೋ ಏನೋ."

ಭರತ ಏರುವಾಗ

ತದಡಿಯಿಂದ ಬೇಲೆಕಾನದವರೆಗೆ ಬಿಸಿಲಿನ ದಾರಿ. ಅಲ್ಲಿಂದ ಮುಂದೆ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ. ಬೆಂಗಳೂರಿನವರ ಫೋಟೋಗಳಲ್ಲಿ ಬರುವ ಹೆಸರುಗಳೆಲ್ಲ ಇಲ್ಲಿಂದ ಶುರು. ಜನ ಹೆಚ್ಚಾದರು. ಕನ್ನಡ ಕಡಿಮೆಯಾಯಿತು.

ಪ್ಯಾರಡೈಸ್ ಅಂದರೆ ಬಂಡೆಗಳ ನಡುವಿನ ಪುಟ್ಟ ಮರಳು. ವಾಹನ ಬರುವ ದಾರಿಯಿಲ್ಲ. ನಡೆದು ಬರಬೇಕು, ಇಲ್ಲವೇ ದೋಣಿಯಲ್ಲಿ. ಅಲ್ಲಿಂದ ಹಾಫ್ ಮೂನ್‌ಗೆ ಎರಡು ದಾರಿ. ಒಂದು ನೀರಿನಂಚಿನ ಬಂಡೆಗಳ ಮೇಲೆ ದಾಟಿಕೊಂಡು, ಇನ್ನೊಂದು ಗುಡ್ಡದ ಮೇಲಿನ ಕಾಡುಹಾದಿ. ಮುಂದೆ ಹೋಗುತ್ತಿದ್ದ ಒಂದು ಟ್ರೆಕ್ ಗುಂಪು ಬಂಡೆ ದಾರಿ ಹಿಡಿಯಿತು. ಫೋನಿನ ಮ್ಯಾಪಿನಲ್ಲೂ ಅದೇ ಹತ್ತಿರ. ನಾನೂ ಹೊರಟೆ.

ಎರಡು ಬಂಡೆ ದಾಟಿದ ಮೇಲೆ ಹಿಂದಿನಿಂದ ಅಪ್ಪ ಕೂಗಿದರು: "ನಿಲ್ಲು!" ಅಪ್ಪ ನನಗೆ ಹಾಗೆ ಗದರಿದ್ದು ಹೈಸ್ಕೂಲಿನ ನಂತರ ಅದೇ ಮೊದಲು.

"ಎಂತಕ್ಕೆ? ಅವರು ಹೋಗ್ತಾ ಇದ್ದಾರಲ್ಲ."

"ಆ ಕಲ್ಲಿನ ಬುಡ ನೋಡು. ನಾವು ಬಂದಾಗ ಒಣಗಿತ್ತು, ಈಗ ಒದ್ದೆ. ಭರತ ಏರ್ತಾ ಉಂಟು. ನಡುವಲ್ಲಿ ಸಿಕ್ಕಿಬಿದ್ರೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ."

ನಾನು ವಾಪಸ್ ಬರುವಷ್ಟರಲ್ಲೇ, ಮೊದಲು ಕಾಲಿಟ್ಟಿದ್ದ ಚಪ್ಪಟೆ ಕಲ್ಲಿನ ಮೇಲೆ ನೀರು ಹರಿದು ಹೋಯಿತು. ಕಾಲು ಜಾರಿ ಒಂದು ಕ್ಷಣ ಕೈ ಊರಿದೆ. ಬಂಡೆಗೆ ಅಂಟಿದ ಚಿಪ್ಪು ಅಂಗೈ ಸೀಳಿತು. ದೊಡ್ಡ ಗಾಯವಲ್ಲ. ಆದರೆ ಕೈಕಾಲು ನಡುಗುತ್ತಿತ್ತು. ಮುಂದೆ ಹೋದ ಗುಂಪೂ ಸ್ವಲ್ಪ ಹೊತ್ತಿಗೆ ಸೊಂಟದವರೆಗೆ ನೆನೆದು ಹಿಂದಿರುಗಿತು. ಅವರ ಗೈಡ್ ಹುಡುಗನೂ ಬೆದರಿದ್ದ.

ಅಪ್ಪ ನೀರಿನ ಬಾಟಲಿಯಿಂದ ಗಾಯ ತೊಳೆದು ಕರ್ಚೀಫ್ ಕಟ್ಟಿದರು. ಬೆಂಗಳೂರಿನಲ್ಲಿ ಅಪ್ಪನಿಗೆ ಯುಪಿಐ, ಓಟಿಪಿ, ಮೆಟ್ರೋ ಕಾರ್ಡು ಹೇಳಿಕೊಡುವವಳು ನಾನು. ಒಂದೇ ಮಾತು ಮೂರು ಸಲ ಹೇಳಬೇಕಾದಾಗ ದನಿ ಏರಿಸಿದ್ದೂ ಇದೆ. ಇಲ್ಲಿ ಅಪ್ಪ ಒಂದು ಕಲ್ಲಿನ ಬುಡ ನೋಡಿ ಹೇಳಿದ್ದು ನನ್ನ ಫೋನಿಗೆ ಗೊತ್ತಿರಲಿಲ್ಲ.

ಗುಡ್ಡದ ದಾರಿಯೇ ಹಿಡಿದೆವು. ಹತ್ತುವಾಗ ಅಪ್ಪನ ಮಂಡಿ ಕೈಕೊಟ್ಟಿತು. ಈಗ ನನ್ನ ಸರದಿ. ಚೆನ್ನಾಗಿದ್ದ ಕೈ ಕೊಟ್ಟೆ. ಹತ್ತು ಹೆಜ್ಜೆ, ನಿಲ್ಲುವುದು, ಮತ್ತೆ ಹತ್ತು ಹೆಜ್ಜೆ. ಅರ್ಧ ಗಂಟೆಯ ದಾರಿಗೆ ಒಂದೂಕಾಲು ಗಂಟೆ ಹಿಡಿಯಿತು.

ಓಂ ಬೀಚಿನ ಮೇಲಿನ ಗುಡ್ಡದಲ್ಲಿ ಕುಳಿತೆವು. ಎರಡು ಅರ್ಧಚಂದ್ರ ಅಕ್ಕಪಕ್ಕ ಸೇರಿ, ನಡುವೆ ಬಂಡೆ ಚಾಚಿಕೊಂಡು 'ಓಂ' ಆಕಾರ ಬರುವುದು ಮೇಲಿನಿಂದ ಸರಿಯಾಗಿ ಕಾಣುತ್ತದೆ. ಅಪ್ಪ ಅದಕ್ಕೆ ಬೆನ್ನು ಹಾಕಿ ಬಲಕ್ಕೆ, ಒಳನಾಡಿನ ಕಡೆ ನೋಡುತ್ತಿದ್ದರು. "ಆ ಕಡೆ ಸಾಣಿಕಟ್ಟಾ, ಉಪ್ಪಿನ ಆಗರ. ಇನ್ನೂ ಆಚೆ ಹನೇಹಳ್ಳಿ, ಚಿತ್ತಾಲರ ಊರು."

ಯಶವಂತ ಚಿತ್ತಾಲರು 1928ರಲ್ಲಿ ಹುಟ್ಟಿದ್ದು ಹನೇಹಳ್ಳಿಯಲ್ಲಿ. ಬದುಕಿನ ಬಹುಪಾಲು ಕಳೆದದ್ದು ಮುಂಬಯಿಯಲ್ಲಿ, 2014ರಲ್ಲಿ ತೀರಿಕೊಂಡದ್ದೂ ಅಲ್ಲೇ. ಆದರೆ ಅವರ ಕಥೆಗಳಲ್ಲಿ ಹನೇಹಳ್ಳಿ ಮತ್ತೆ ಮತ್ತೆ ಬರುತ್ತದೆ. ಅಪ್ಪ ಓದಿದ್ದು ಕಡಿಮೆ, ಆದರೆ ಚಿತ್ತಾಲರನ್ನು ಬಿಟ್ಟಿಲ್ಲ. "ಊರಲ್ಲೇ ಇದ್ದವರಿಗೆ ಊರು ಕಾಣಲ್ಲ ತಂಗಿ, ಕೆಲಸ ಕಾಣ್ತದೆ. ಬಿಟ್ಟು ಹೋದವರಿಗೆ ಊರು ಕಾಣ್ತದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅದಕ್ಕೇ ನಾನು ಬೇಡ ಅನ್ನೋದು ಸರಿಯಲ್ಲ ಅನಿಸ್ತದೆ. ನೋಡೋಕೆ ಚೆಂದ ಅಂತ ನಾನು ಇಟ್ಕೊಳ್ಳೋದು, ಕೆಸರಲ್ಲಿ ಇಳಿಯೋನು ಅವನು. ನಿಂಗೂ ಮನೆ ಬೇಕು."

ಕೋಟಿತೀರ್ಥದ ಮೆಟ್ಟಿಲ ಮೇಲೆ

ಕುಡ್ಲೆ ದಾಟಿ ಗೋಕರ್ಣ ಊರೊಳಗೆ ಬಂದಾಗ ಕತ್ತಲಾಗಿತ್ತು. ಮಹಾಬಲೇಶ್ವರನಿಗೆ ಕೈಮುಗಿದು ಕೋಟಿತೀರ್ಥದ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತೆವು. ರಾವಣ ಲಂಕೆಗೆ ಒಯ್ಯುತ್ತಿದ್ದ ಆತ್ಮಲಿಂಗವನ್ನು ಹುಡುಗನ ವೇಷದ ಗಣಪತಿ ನೆಲಕ್ಕಿಟ್ಟದ್ದು, ಅದು ಮತ್ತೆ ಮೇಲೇಳದೆ ಇಲ್ಲೇ ಉಳಿದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಚಿಕ್ಕವಳಿದ್ದಾಗ ಅಪ್ಪ ಇದನ್ನು ಹೇಳಿದರೆ ನನಗೆ ರಾವಣನ ಮೇಲೆ ಕನಿಕರ ಬರುತ್ತಿತ್ತು. ಅಷ್ಟು ದೂರ ಹೊತ್ತು ತಂದವನು ಪಾಪ, ಬರಿಗೈಯಲ್ಲಿ ಹೋದ.

ನಾನೇ ಮಾತು ತೆಗೆದೆ. "ಅಪ್ಪ, ಆ ಫ್ಲ್ಯಾಟ್ ಈ ವರ್ಷ ಬೇಡ."

"ನಂಗೋಸ್ಕರ ಹೇಳ್ಬೇಡ."

"ನಿನಗೋಸ್ಕರ ಅಲ್ಲ." ನಿಜ ಹೇಳಬೇಕೆಂದರೆ ಅರ್ಧ ಅಪ್ಪನಿಗೋಸ್ಕರವೇ. ಉಳಿದರ್ಧ ಆ ಹಲಗೆಯ ಬಾಗಿಲು. ನಮ್ಮ 18 ಗುಂಟೆಯಲ್ಲಿ ಬೆಳೆಯುವುದು ನಾಲ್ಕು ಮೂಟೆ ಅಕ್ಕಿ ಮಾತ್ರ ಆಗಿದ್ದರೆ ನಾನು ಮಾರೋಣ ಎಂದೇ ಹೇಳುತ್ತಿದ್ದೆ. ಆದರೆ ಅದು ಹೋದರೆ ಅಣ್ಣನ ಗದ್ದೆಗೆ ಉಪ್ಪು ಇಳಿಯುತ್ತದೆ, ಅಣ್ಣ ಬಿಟ್ಟರೆ ಪಕ್ಕದ ಮನೆಯದ್ದಕ್ಕೆ. ನನ್ನ ಬಾಲ್ಕನಿಗೆ ಅವರೆಲ್ಲ ಯಾಕೆ ಬೆಲೆ ಕೊಡಬೇಕು?

ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು. "ಒಂದು ಮಳೆಗಾಲ ನೋಡುವ. ಅಣ್ಣನಿಗೆ ಕಟ್ಟು ರಿಪೇರಿಗೆ ನಮ್ಮ ಪಾಲು ಕಳ್ಸುವ. ಇಷ್ಟು ವರ್ಷ ಕಳ್ಸಿರಲೇ ಇಲ್ಲ" ಅಂದರು.

ಆ ಮಾತು ನನಗೆ ಗೊತ್ತಿರಲಿಲ್ಲ. ನೆನಪು ಇಟ್ಟುಕೊಂಡಿದ್ದು ನಾವು, ಕಟ್ಟು ಉಳಿಸಿದ್ದು ಅವರು.

ಬೆಂಗಳೂರಿಗೆ ಬಂದ ಮೂರನೇ ವಾರ ಆ ಫ್ಲ್ಯಾಟ್ ಬೇರೆಯವರ ಪಾಲಾಯಿತು. ಬೇಸರ ಆಗಲಿಲ್ಲ ಅಂದರೆ ಸುಳ್ಳು. ಈಗಲೂ ಆ ಕಟ್ಟಡದ ಮುಂದೆ ಹೋಗುವಾಗ ನಾಲ್ಕನೇ ಮಹಡಿ ನೋಡುತ್ತೇನೆ. ಮಳೆಗಾಲ ಕಳೆದ ಮೇಲೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಇನ್ನೂ ಒಂದೆರಡು ಮನೆಯವರು ಮಾರಿದರೆ ನಾವು ಹಿಡಿದುಕೊಂಡಿದ್ದಕ್ಕೆ ಅರ್ಥವೂ ಇರಲಿಕ್ಕಿಲ್ಲ. ಆದರೆ ಕಟ್ಟಿನ ರಿಪೇರಿಗೆ ತಿಂಗಳಿಗಿಷ್ಟು ಅಂತ ತೆಗೆದಿಡುತ್ತಿದ್ದೇನೆ. ದೊಡ್ಡಮ್ಮ ಕಟ್ಟಿಕೊಟ್ಟ ಐದು ಸೇರು ಕಗ್ಗದಕ್ಕಿ ಅಡುಗೆಮನೆಯಲ್ಲಿದೆ. ಭಾನುವಾರ ಬೆಳಗ್ಗೆ ಅದರ ಗಂಜಿ. ಕುಕ್ಕರ್ ಎಷ್ಟು ಕೂಗಿಸಬೇಕು ಅಂತ ಅಮ್ಮನಿಗೂ ನನಗೂ ಇನ್ನೂ ಜಗಳ ಮುಗಿದಿಲ್ಲ.

ನೀವೂ ಹೊರಡುವುದಾದರೆ

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಸಮಯ. ಮಳೆಗಾಲದಲ್ಲಿ ಬೇಡ, ಸಮುದ್ರವೂ ಬಂಡೆಯೂ ಅಪಾಯ. ಮಾರ್ಚ್ ನಂತರ ಬಿಸಿಲು ಜೋರು. ಆದರೆ ಆಗ ಹೋದರೆ ಹೆದ್ದಾರಿ ಪಕ್ಕ ಜಡೆಯಂತೆ ಹೆಣೆದು ತೂಗುಹಾಕಿದ ಕುಮಟೆಯ ಸಿಹಿ ಈರುಳ್ಳಿ ಸಿಗುತ್ತದೆ.

ಎರಡು ದಿನದಲ್ಲಿ ಪೂರ್ತಿ ನಡೆಯಬಹುದು. ಮನೆಯ ಹಿರಿಯರು ಜೊತೆಗಿದ್ದರೆ ಮೂರು ದಿನ ಇಟ್ಟುಕೊಳ್ಳಿ. ಅಷ್ಟು ಆಗದವರು ಬಾಡದಿಂದ ಅಘನಾಶಿನಿ ಊರಿನವರೆಗೆ ನಡೆದು, ತಾರಿ ದಾಟಿ, ತದಡಿಯಿಂದ ಬಸ್ಸಿನಲ್ಲಿ ಗೋಕರ್ಣಕ್ಕೆ ಹೋಗಿ. ನನ್ನ ಪ್ರಕಾರ ಇಡೀ ದಾರಿಯಲ್ಲಿ ಚೆಂದದ ಭಾಗ ಅದೇ. ತಾರಿಯ ಸಮಯವನ್ನು ಊರಿನವರಲ್ಲಿ ಮೊದಲೇ ಕೇಳಿಕೊಳ್ಳಿ. ಹೆದ್ದಾರಿಯಲ್ಲಿ ವಾಪಸ್ ಬರುವವರು, ಕಾಳುಮೆಣಸಿನ ರಾಣಿ ಎಂದು ಹೆಸರಾದ ಚೆನ್ನಭೈರಾದೇವಿಯ ಮಿರ್ಜಾನ್ ಕೋಟೆಗೆ ಒಂದು ಗಂಟೆ ಕೊಡಿ.

ಇಳಿತ–ಭರತದ ಸಮಯವನ್ನು ಹಿಂದಿನ ದಿನವೇ ನೋಡಿಕೊಳ್ಳಿ. ಪ್ಯಾರಡೈಸ್–ಹಾಫ್ ಮೂನ್ ನಡುವೆ ಸಂಶಯ ಬಂದರೆ ಗುಡ್ಡದ ದಾರಿಯೇ ಸರಿ. ಬಂಡೆಗಳ ಹತ್ತಿರ ಈಜಬೇಡಿ. ನೀರು, ಟೋಪಿ, ಹಿಡಿತವಿರುವ ಚಪ್ಪಲಿ, ಗಾಯಕ್ಕೆ ಬ್ಯಾಂಡೇಜ್ ಇರಲಿ. ಪ್ಲಾಸ್ಟಿಕ್ ವಾಪಸ್ ತನ್ನಿ. ಗಜನಿ ಕಟ್ಟಿನ ಮೇಲೆ ನಡೆಯುವಾಗ ಅಂಚು ಕುಸಿಯದಂತೆ ನಡುವಲ್ಲಿ ನಡೆಯಿರಿ. ಬಳಚು ಆರಿಸುವವರ ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ.

ಸಾಧ್ಯವಾದರೆ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹೋಗಿ, ಅವರ ಊರು ಯಾವುದೇ ಇರಲಿ. ನಿಧಾನ ಆಗುತ್ತದೆ. ಆಗಲಿ ಬಿಡಿ.